ಹಾಡಿಗೆ ಪ್ರಶಸ್ತಿ, ಹೆಸರು ಯಾರದು?

ಕಳೆದ ವರ್ಷ ಹೊಳೆನರಸೀಪುರದಲ್ಲಿ ನಡೆದ ಅಂತರಕಾಲೇಜು ಭಾವಗೀತೆ ಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಚನ್ನರಾಯಪಟ್ಟಣದ ಕಡೆಯ ಹುಡುಗಿಯೊಬ್ಬಳು ಬಹು ಸೊಗಸಾಗಿ ಹಾಡಿದಳು. ಶ್ರುತಿ ಎಲ್ಲಿಯೂ ಜಾರಲಿಲ್ಲ. ಮಾತಿನ ಉಚ್ಚಾರವೂ ನಿರ್ಮಲವಾಗಿತ್ತು. ಹಾಡು ಮುಗಿದ ಮೇಲೆ, “ಯಾರ ಕವನವಮ್ಮಾ ಇದು?” ಎಂದು ಕೇಳಿದೆ. ಆಕೆ ಗಾಯಕರೊಬ್ಬರ ಹೆಸರು ಹೇಳಿದಳು. “ಹಾಡಿದವರಲ್ಲ, ಬರೆದವರು” ಎಂದಾಗ ತಬ್ಬಿಬ್ಬಾಗಿ ಮೊಬೈಲನ್ನೇ ತೆಗೆದು ನನ್ನ ಮುಂದೆ ಹಿಡಿದಳು. “ನೋಡಿ ಸಾರ್, ಬರೆದೋರ ಹೆಸರು ಇದರಲ್ಲಿ ಕೊಟ್ಟೇ ಇಲ್ಲ. ಕಂಪನಿ ಹೆಸರಿದೆ.”

ಅವಳ ಮಾತು ನಿಜವಾಗಿತ್ತು. ಬಹುಮಾನವನ್ನು ಆಕೆಗೇ ಕೊಟ್ಟೆವು. ಆದರೆ ಹಾಸನಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ಆ ಸಣ್ಣ ಗಾಜಿನ ಪರದೆ ನನ್ನನ್ನು ಬಿಡಲಿಲ್ಲ. ನಾವು ಬಹುಮಾನ ಕೊಟ್ಟದ್ದು ಯಾವುದಕ್ಕೆ? ಕಂಠಕ್ಕೋ, ಧಾಟಿಗೋ, ಕವನಕ್ಕೋ?

ಈ ಪ್ರಶ್ನೆ ನಮ್ಮ ಊರಿನ ಸ್ಪರ್ಧೆಗಷ್ಟೇ ಸೇರಿದ್ದಲ್ಲ. ಲೋಕಪ್ರಸಿದ್ಧವಾದ ಗ್ರ್ಯಾಮಿ ಪ್ರಶಸ್ತಿ ಅಮೆರಿಕದಲ್ಲಿ ಮೊದಲ ಬಾರಿ ಪ್ರದಾನವಾದದ್ದು 1959ರ ಮೇ ತಿಂಗಳಿನಲ್ಲಿ. ಅದರ ಹೆಸರು ಗ್ರಾಮೊಫೋನಿನಿಂದ ಬಂದದ್ದು. ಕೊಡುವ ಪದಕವೂ ಪುಟ್ಟ ಗ್ರಾಮೊಫೋನೇ. ಎಂದರೆ ಅದು ಕಚೇರಿಗೆ ಕೊಡುವ ಮರ್ಯಾದೆಯಲ್ಲ, ಧ್ವನಿಮುದ್ರಣಕ್ಕೆ ಕೊಡುವ ಮರ್ಯಾದೆ. ನಮ್ಮ ಪದ್ಧತಿ ಬೇರೆ. ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ‘ಸಂಗೀತ ಕಲಾನಿಧಿ’ ಬಿರುದನ್ನು ಕೊಟ್ಟಾಗ ಯಾವ ತಟ್ಟೆಯನ್ನೂ ಯಾವ ಕ್ಯಾಸೆಟ್ಟನ್ನೂ ಮುಂದಿಟ್ಟುಕೊಂಡು ಕೊಡಲಿಲ್ಲ. ಒಂದು ಜೀವಮಾನದ ಸಾಧನೆಯನ್ನು ಕಂಡು ಕೊಟ್ಟರು. ಅಲ್ಲಿ ಮನುಷ್ಯ ಮುಂದೆ, ಮುದ್ರಿತ ವಸ್ತು ಹಿಂದೆ.

ಡಿಜಿಟಲ್ ಯುಗ ಬಂದ ಮೇಲೆ ಆ ವಸ್ತುವೂ ಕರಗಿತು. ಇಂಗ್ಲೆಂಡಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಡಿಜಿಟಲ್ ಸಂಗೀತಕ್ಕೆಂದೇ ಪ್ರತ್ಯೇಕ ಪ್ರಶಸ್ತಿ ಸಮಾರಂಭವೊಂದು ನಡೆಯುತ್ತಿತ್ತು. ಹಲವು ವಿಭಾಗಗಳಲ್ಲಿ ಸಾರ್ವಜನಿಕರ ಮತದಿಂದ ವಿಜೇತರ ಆಯ್ಕೆಯಾಗುತ್ತಿತ್ತು. 2011ರ ಬಳಿಕ ಅದು ನಿಂತುಹೋಯಿತು. ಸಂಗೀತವೆಲ್ಲವೂ ಡಿಜಿಟಲ್ ಆದ ಮೇಲೆ ಅದಕ್ಕೆಂದೇ ಬೇರೊಂದು ಮಣೆ ಹಾಕುವ ಅಗತ್ಯ ಯಾರಿಗೂ ಕಾಣದೆ ಹೋದದ್ದು ಸಹಜವೇ. ಗ್ರ್ಯಾಮಿಯವರು ತುಸು ತಡವಾಗಿ ಬಾಗಿಲು ತೆರೆದರು: ಅಂಗಡಿಗೆ ಬಾರದೆ, ಮಾರಾಟಕ್ಕೂ ಇಡದೆ, ಕೇವಲ ಅಂತರ್ಜಾಲದ ಹರಿವಿನಲ್ಲಿ ಬಿಟ್ಟ ಸಂಗ್ರಹವೊಂದಕ್ಕೆ ಅವರ ಪ್ರಶಸ್ತಿ ಸಂದದ್ದು 2017ರಲ್ಲಿ, ಚಾನ್ಸ್ ದಿ ರ್‍ಯಾಪರ್ ಎಂಬ ಗಾಯಕನಿಗೆ.

ನಮ್ಮವರೂ ಈ ಪಂಕ್ತಿಯಲ್ಲಿದ್ದಾರೆ. ಬೆಂಗಳೂರಿನ ರಿಕ್ಕಿ ಕೇಜ್ ಅವರಿಗೆ 2015, 2022 ಮತ್ತು 2023ರಲ್ಲಿ, ಮೂರು ಬಾರಿ ಗ್ರ್ಯಾಮಿ ಬಂದಿದೆ. ಕೊನೆಯ ಎರಡೂ ಸ್ಟುವರ್ಟ್ ಕೋಪ್‌ಲೆಂಡರ ಜೊತೆಗೂಡಿ ರಚಿಸಿದ ‘ಡಿವೈನ್ ಟೈಡ್ಸ್’ ಎಂಬ ಒಂದೇ ಸಂಗ್ರಹಕ್ಕೆ. 2023ರದು ಕೇಳುಗನ ಸುತ್ತಲೂ ನಾದವನ್ನು ಹರಡುವ ತಾಂತ್ರಿಕ ಕುಶಲತೆಗೆ ಸಂದ ಬಹುಮಾನ. ಆ ಸಂಗ್ರಹವನ್ನು ಹೊರತಂದ ಸಂಸ್ಥೆ ಬೆಂಗಳೂರಿನ ಲಹರಿ. ಒಂದು ಕಾಲಕ್ಕೆ ನಮ್ಮ ಜಾತ್ರೆಯ ಅಂಗಡಿಗಳಲ್ಲಿ ಕನ್ನಡ ಕ್ಯಾಸೆಟ್ಟುಗಳ ಬೆನ್ನಮೇಲೆ ಕಾಣುತ್ತಿದ್ದ ಅದೇ ಹೆಸರು. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಆ ಸಮಾರಂಭದಲ್ಲಿ ನಾದದ ಹರಹನ್ನು ಹದಮಾಡಿದ ತಂತ್ರಜ್ಞನಿಗೂ ಹೆಸರುಂಟು ಎಂಬುದನ್ನು ನಾವು ಗಮನಿಸಬೇಕು. ಹಾಡು ಬರೆಯುವವರಿಗೆಂದೇ ‘ವರ್ಷದ ಗೀತರಚನಕಾರ’ ಎಂಬ ಪ್ರತ್ಯೇಕ ಮನ್ನಣೆಯನ್ನು ಅವರು ಆರಂಭಿಸಿದ್ದೂ 2023ರಲ್ಲಿಯೇ. ತಡವಾಗಿಯಾದರೂ ಅವರು ಆ ಹೆಜ್ಜೆಯನ್ನಿಟ್ಟರು.

ಕರ್ತೃವಿನ ಹೆಸರನ್ನು ಉಳಿಸಿಕೊಳ್ಳುವ ವಿದ್ಯೆ ಕನ್ನಡಿಗರಿಗೆ ಹೊಸತಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಿ: 1246ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ದೇವಾಲಯವನ್ನು ಕಟ್ಟಿಸಿದ ದಂಡನಾಯಕನ ಹೆಸರಿನ ಜೊತೆಗೆ ಉಳಿ ಹಿಡಿದವನ ಹೆಸರೂ ಉಳಿದುಬಂತು. ನಮ್ಮ ವಚನಕಾರರೂ ದಾಸರೂ ಇನ್ನೂ ಜಾಣರು. ಅವರು ಹೆಸರನ್ನು ಹಾಡಿನ ಹೊರಗೆ ಇಡಲೇ ಇಲ್ಲ. ಅಂಕಿತವಾಗಿ ಒಳಗೇ ಹೆಣೆದರು. ‘ಪುರಂದರವಿಠಲ’ ಎಂಬುದನ್ನು ಬಿಟ್ಟರೆ ಪದದ ತಾಳವೇ ಕೆಡುತ್ತದೆ. ಯಾವ ಕಂಪನಿಯೂ ಯಾವ ಯಂತ್ರವೂ ಅದನ್ನು ಕಳಚಲಾರದು. ರುದ್ರಪಟ್ಟಣದಲ್ಲಿ ಕಾವೇರಿಯ ದಡದ ಮೇಲೆ ವಿದ್ವಾನ್ ಆರ್. ಕೆ. ಪದ್ಮನಾಭ ಅವರು ಕಟ್ಟಿಸಿರುವ ತಂಬೂರಿಯಾಕಾರದ ಮಂದಿರವನ್ನು ನೋಡಲು ಹೋದಾಗಲೆಲ್ಲ, ಆ ಊರಿನ ಉತ್ಸವದಲ್ಲಿ ಕುಳಿತು ಕೀರ್ತನೆ ಕೇಳಿದಾಗಲೆಲ್ಲ, ನನಗೆ ಈ ಅಂಕಿತದ ಮಹತ್ವ ಮನಸ್ಸಿಗೆ ಬರುತ್ತದೆ. ಚರಣದ ಕೊನೆಯಲ್ಲಿ ಕವಿ ತಾನೇ ಬಂದು ನಿಲ್ಲುತ್ತಾನೆ.

ಗ್ರಾಮೊಫೋನು ಬಂದಾಗಲೂ ಇಂಥ ಒಂದು ಉಪಾಯ ಹುಟ್ಟಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಆ ಮಹಾಗಾಯಕಿ ತನ್ನ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಯಂತ್ರ ಮರೆಯುತ್ತದೆಂದು ಅವಳಿಗೆ ಮೊದಲೇ ಗೊತ್ತಿದ್ದಿತೋ ಏನೋ.

ಭಾವಗೀತೆಗೆ ಅಂಕಿತವಿಲ್ಲ. ಅದು ಪುಸ್ತಕದಲ್ಲಿ ಹುಟ್ಟಿತು. ಮುಖಪುಟದಲ್ಲಿ ಕವಿಯ ಹೆಸರಿದ್ದಿತು. ಆಕಾಶವಾಣಿಯಲ್ಲಿ ಹಾಡಾದಾಗ ಉದ್ಘೋಷಕರು ರಚನೆ, ಸಂಯೋಜನೆ, ಗಾಯನ ಎಂದು ಮೂರನ್ನೂ ಬಿಡಿಸಿ ಹೇಳುತ್ತಿದ್ದರು. ಆ ಮೂರು ಪದಗಳ ಮೂಲಕವೇ ಎಷ್ಟೋ ಕವಿಗಳು ನನಗೆ ಬಾಲ್ಯದಲ್ಲಿ ಪರಿಚಿತರಾದರು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದಾಗ ಜನ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ನಿಸಾರ್ ಅಹಮದರ ಕವಿತೆಯನ್ನೂ ಒಂದೇ ಕೈಯಲ್ಲಿ ಕೊಂಡರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಹೊದಿಕೆಯಲ್ಲಿ ಎಲ್ಲರಿಗೂ ಜಾಗವಿದ್ದಿತು. ಇಂದು ಲೋಕದ ಎಲ್ಲ ಹಾಡುಗಳನ್ನೂ ಹಿಡಿಯಬಲ್ಲ ಮೊಬೈಲಿನಲ್ಲಿ ಒಂದು ಹೆಸರಿಗೆ ಜಾಗವಿಲ್ಲವೆಂದರೆ ನಂಬುವುದು ಹೇಗೆ?

ಇದು ಗೌರವದ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆಯೂ ಹೌದು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ಗೀತರಚನಕಾರ ತನ್ನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೂ ರಾಯಧನದಲ್ಲಿ ಸಮಪಾಲು ಅವನಿಗೆ ಸಲ್ಲಬೇಕು. ಅದನ್ನು ಬಿಟ್ಟುಕೊಡುವಂತೆ ಬರೆಸಿಕೊಂಡರೂ ಆ ಪತ್ರ ನಡೆಯುವುದಿಲ್ಲ. ಕಾನೂನು ಚೆನ್ನಾಗಿದೆ. ಆದರೆ ಡಿಜಿಟಲ್ ಲೋಕದಲ್ಲಿ ಹಣ ಹರಿಯುವುದು ಸಂಕೇತಗಳನ್ನು ಹಿಡಿದು. ಪ್ರತಿಯೊಂದು ಧ್ವನಿಮುದ್ರಣಕ್ಕೆ ಐ.ಎಸ್.ಆರ್.ಸಿ. ಎಂಬ 12 ಸ್ಥಾನಗಳ ಸಂಕೇತವುಂಟು. ಅದರೊಳಗಣ ಕೃತಿಗೆ, ಎಂದರೆ ಮಾತಿಗೂ ಧಾಟಿಗೂ, ಐ.ಎಸ್.ಡಬ್ಲ್ಯು.ಸಿ. ಎಂಬ ಬೇರೊಂದು ಸಂಕೇತ. ಮೊದಲನೆಯದನ್ನು ಕೊಟ್ಟು ಎರಡನೆಯದರ ಗೋಜಿಗೆ ಹೋಗದಿದ್ದರೂ ಹಾಡು ಕೇಳಿಸುತ್ತದೆ. ಕೇಳುಗನಿಗೆ ಕೊರತೆ ಕಾಣದು. ಕವಿಯ ಮನೆಗೆ ಹೋಗಬೇಕಾದ ದಾರಿ ಮಾತ್ರ ಅಲ್ಲಿಗೆ ಮುಚ್ಚಿಹೋಗುತ್ತದೆ.

ಈ ಹೊಸ ಮಾಧ್ಯಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಶ್ರೀಕಂಠನ್ ಅವರ ಹಳೆಯ ಕಚೇರಿಗಳನ್ನು ಅರಕಲಗೂಡಿನ ಹಳ್ಳಿಯ ಹುಡುಗ ಇಂದು ಹೊಲದ ಬದುವಿನಲ್ಲಿ ಕುಳಿತು ಕೇಳಬಲ್ಲ; ನನ್ನ ವಿದ್ಯಾರ್ಥಿ ದೆಸೆಯಲ್ಲಿ ಅದು ಕನಸು. ‘ಸಂಧ್ಯಾರಾಗ’ದಲ್ಲಿ ಸಂಗೀತಗಾರನ ಬಾಳನ್ನು ಚಿತ್ರಿಸಿದ ಅರಕಲಗೂಡು ಮನೆತನದ ಅನಕೃ ಇದನ್ನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ! ದೂರಬೇಕಾದುದು ಯಂತ್ರವನ್ನಲ್ಲ, ಅದಕ್ಕೆ ವಿವರ ತುಂಬುವವರ ಉದಾಸೀನವನ್ನು. ಆ ಉದಾಸೀನದಲ್ಲಿ ಪ್ರಶಸ್ತಿ ಕೊಡುವ ನಮಗೂ ಪಾಲುಂಟು. ತೀರ್ಪುಗಾರನಾಗಿ ಎಷ್ಟೋ ವರ್ಷ ಕುಳಿತ ನಾನು ಶ್ರುತಿಗೆ, ಲಯಕ್ಕೆ, ಭಾವಕ್ಕೆ ಅಂಕ ಹಾಕಿದೆನೇ ಹೊರತು, ಕವಿಯ ಹೆಸರನ್ನು ಕೇಳಿದ್ದು ಆ ದಿನವೇ ಮೊದಲು.

ಈ ವರ್ಷ ನಮ್ಮ ಕಾಲೇಜಿನ ಸ್ಪರ್ಧೆಯ ಪ್ರವೇಶಪತ್ರದಲ್ಲಿ ‘ಕವಿಯ ಹೆಸರು’ ಎಂದು ಒಂದು ಗೆರೆಯನ್ನು ಸೇರಿಸಿದೆ. ಬಂದ ಪತ್ರಗಳಲ್ಲಿ ಅರ್ಧದಷ್ಟರಲ್ಲಿ ಆ ಗೆರೆ ಖಾಲಿಯಾಗಿತ್ತು. ಕೆಲವರು ಗಾಯಕರ ಹೆಸರು ಬರೆದಿದ್ದರು, ಒಬ್ಬ ಕಂಪನಿಯ ಹೆಸರು ಬರೆದಿದ್ದ. ಅವನ್ನೆಲ್ಲ ಹಿಂದಕ್ಕೆ ಕೊಟ್ಟು, ಗ್ರಂಥಾಲಯದ ಕವನಸಂಕಲನಗಳ ಬೀರುವಿನ ಬೀಗ ತೆಗೆಸಿದ್ದೇನೆ. ಸ್ಪರ್ಧೆಗೆ ಇನ್ನೂ ಹತ್ತು ದಿನಗಳಿವೆ.