ಹಾಲಿನ ಲೆಕ್ಕಕ್ಕೆ ನಮ್ಮದೇ ಆ್ಯಪ್



"ಬಿಡಮ್ಮ, ಅದೆಲ್ಲ ನಿನಗೆ ಗೊತ್ತಾಗಲ್ಲ." ಮೊಬೈಲು ಹಿಡಿದು ಏನಾದರೂ ಕೇಳಲು ಹೋಗಿ, ಮಕ್ಕಳಿಂದ ಈ ಮಾತು ಕೇಳದ ತಾಯಿ ಯಾರಿದ್ದಾರೆ ಹೇಳಿ? ನಾನೂ ಕೇಳಿದ್ದೇನೆ. ಅದು ಮನಸ್ಸಿಗೆ ಚುಚ್ಚಿದ ದಿನವೇ, ಮೊಬೈಲಿಗೆ ಒಂದು ಆ್ಯಪನ್ನು ನಾನೇ ಮಾಡಿ ನೋಡಬೇಕೆಂದು ಕೂತೆ.

ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಗಬೇಡಿ. ಜಪಾನಿನ ಮಸಾಕೊ ವಕಾಮಿಯಾ ಎಂಬಾಕೆ ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. 2017ರಲ್ಲಿ, 81 ವರ್ಷದವರಾಗಿದ್ದಾಗ, ಐಫೋನಿಗೆ 'ಹಿನಾದಾನ್' ಎಂಬ ಆಟ ಮಾಡಿದರು. ನಮ್ಮ ದಸರಾ ಬೊಂಬೆಗಳ ಹಾಗೆ ಅಲ್ಲಿಯೂ ಹೆಣ್ಣುಮಕ್ಕಳ ಹಬ್ಬಕ್ಕೆ ಬೊಂಬೆ ಕೂರಿಸುತ್ತಾರೆ. ಒಂದೊಂದು ಬೊಂಬೆಯನ್ನೂ ಅದರದರ ಜಾಗದಲ್ಲಿ ಇಡುವುದೇ ಆ ಆಟ. ತಮಗೆ ಗೊತ್ತಿದ್ದ ವಿಷಯದಿಂದಲೇ ಆಕೆ ಶುರು ಮಾಡಿದ್ದರು, ನೋಡಿ. ನಾನು ವರ್ತನೆ ಹಾಲಿನ ಲೆಕ್ಕ ಹಿಡಿದೆ.

ಬೇಕಾಗುವ ಸಾಮಾನು: ಮನೆಯಲ್ಲಿರುವ ಕಂಪ್ಯೂಟರ್, ಇಂಟರ್‌ನೆಟ್, ಒಂದು ಜಿಮೇಲ್ ವಿಳಾಸ, ಆಂಡ್ರಾಯ್ಡ್ ಫೋನು. ಇವಿಷ್ಟಿದ್ದರೆ 'ಎಂಐಟಿ ಆ್ಯಪ್ ಇನ್ವೆಂಟರ್' ಬಳಸಬಹುದು. 2010ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಇದನ್ನು ಈಗ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆ ನಡೆಸುತ್ತಿದೆ. ಒಂದು ಕಾಸೂ ಕೊಡಬೇಕಿಲ್ಲ.

ಮಾಡುವ ವಿಧಾನ: ಮೊದಲು 'ಡಿಸೈನರ್' ಪುಟ ತೆಗೆಯಿರಿ. ಎಡಗಡೆಯಿಂದ ಅಂಕಿ ಬರೆಯಲು ಒಂದು ಟೆಕ್ಸ್ಟ್‌ಬಾಕ್ಸ್, ಒತ್ತಲು ಒಂದು ಬಟನ್, ಮೊತ್ತ ತೋರಿಸಲು ಒಂದು ಲೇಬಲ್ ಎಳೆದು ತಂದು ನಡುವಿನ ಫೋನಿನ ಚಿತ್ರದ ಮೇಲೆ ಇಡಿ. ಬಟನ್ ಮೇಲೆ ಕನ್ನಡದಲ್ಲೇ 'ಸೇರಿಸು' ಎಂದು ಬರೆಯಬಹುದು. ಲೇಬಲ್‌ನಲ್ಲಿ 0 ಇರಲಿ. ಆಮೇಲೆ 'ಬ್ಲಾಕ್ಸ್' ಪುಟ. ಇಲ್ಲಿ ಬಣ್ಣಬಣ್ಣದ ತುಂಡುಗಳಿರುತ್ತವೆ. ಬಟನ್ ಒತ್ತಿದಾಗ ಲೇಬಲ್‌ನ ಅಂಕಿಗೆ ಬಾಕ್ಸಿನ ಅಂಕಿ ಕೂಡಿಸಬೇಕು, ಅಷ್ಟೇ; ಅದಕ್ಕೆ ಬೇಕಾದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ. ಹೊಂದದ ತುಂಡು ಕೂರುವುದೇ ಇಲ್ಲ. ಫೋನಿಗೆ 'ಎಂಐಟಿ ಎಐ2 ಕಂಪ್ಯಾನಿಯನ್' ಹಾಕಿಕೊಂಡರೆ, ಮಾಡಿದಷ್ಟನ್ನೂ ಆಗಾಗ ಅಲ್ಲೇ ಪರೀಕ್ಷಿಸಬಹುದು. ಉಪ್ಪು ನೋಡಿ ನೋಡಿ ಹಾಕುವ ಹಾಗೆ, ಒಂದು ತುಂಡು ಜೋಡಿಸಿ, ಒಮ್ಮೆ ನೋಡಿ, ಮುಂದೆ ಹೋಗಿ.

ನನ್ನದು ತಯಾರಾದಾಗ 'ಬಿಲ್ಡ್' ಒತ್ತಿ ಫೋನಿಗೆ ಹಾಕಿಕೊಂಡೆ. ರಾತ್ರಿ ಫೋನು ಆರಿಸಿ ಬೆಳಿಗ್ಗೆ ತೆರೆದರೆ, ಅಯ್ಯೋ, ಲೆಕ್ಕವೆಲ್ಲ ಸೊನ್ನೆ! "ಕ್ಯಾಲೆಂಡರಿನ ಗುರುತೇ ವಾಸಿ" ಎಂದು ಯಜಮಾನರು ನಕ್ಕರು. ನನಗೂ ಬಿಟ್ಟುಬಿಡೋಣ ಅನ್ನಿಸಿತು. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ತಿಳಿಯಿತು: ಆ್ಯಪ್ ಮುಚ್ಚಿದೊಡನೆ ಲೇಬಲ್ ಎಲ್ಲ ಮರೆಯುತ್ತದೆ. ನೆನಪಿಡಲು 'ಟೈನಿಡಿಬಿ' ಎಂಬ ಡಬ್ಬಿ ಬೇಕು. ಬಟನ್ ಒತ್ತಿದಾಗ ಮೊತ್ತವನ್ನು ಒಂದು ಹೆಸರು ಕೊಟ್ಟು ಅದರಲ್ಲಿಡಬೇಕು. ಆ್ಯಪ್ ತೆರೆದಾಗ ಅದೇ ಹೆಸರಿನಿಂದ ತೆಗೆಯಬೇಕು. ಈ ಪಾಠ ಸೊನ್ನೆಯಾಗದಿದ್ದರೆ ನನಗೆ ಸಿಗುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ. ಪ್ಲೇ ಸ್ಟೋರಿನಿಂದಲ್ಲದ ಆ್ಯಪ್ ಹಾಕುವಾಗ ಫೋನು ಅನುಮತಿ ಕೇಳುತ್ತದೆ. ನೀವೇ ಮಾಡಿದ್ದಕ್ಕೆ ಮಾತ್ರ ಒಪ್ಪಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲನ್ನು ಮುಟ್ಟಲೂ ಬೇಡಿ. ಅದರಿಂದ ಬ್ಯಾಂಕಿನ ಹಣವೇ ಹೋದೀತು. ನಿಮ್ಮ ಆ್ಯಪನ್ನು ಪ್ಲೇ ಸ್ಟೋರಿಗೆ ಹಾಕಬೇಕಾದರೆ ಗೂಗಲ್‌ಗೆ ಒಂದು ಸಲ 25 ಡಾಲರ್ ಶುಲ್ಕ ಕಟ್ಟಬೇಕು. ಮನೆ ಲೆಕ್ಕಕ್ಕೆ ಅದೇಕೆ?

ನಿಮ್ಮ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಗೀಚುವ ಲೆಕ್ಕ ಯಾವುದು? ಪೇಪರಿನದೋ, ಗ್ಯಾಸಿನದೋ, ಚೀಟಿಯದೋ? ಒಂದೇ ಒಂದನ್ನು ಆರಿಸಿಕೊಂಡು ಶುರು ಮಾಡಿ.

ಮೊನ್ನೆ ಮಗ ನನ್ನ ಫೋನು ನೋಡಿ, "ಇದನ್ನ ಹೇಗಮ್ಮ ಮಾಡಿದೆ?" ಅಂದ. "ಕೂತ್ಕೋ, ಹೇಳ್ತೀನಿ" ಅಂದೆ.