‘ನಡೆಯಿರಿ’ ಎಂದರೆ ಸಾಲದು

ಸ್ಥೂಲಕಾಯದಿಂದ ಬಳಲುವವರಿಗೆ ನಮ್ಮಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ‘ದಿನವೂ ನಡೆಯಿರಿ, ಬಾಯಿ ಕಟ್ಟಿರಿ.’ ಸಲಹೆ ತಪ್ಪಲ್ಲ, ಅಪೂರ್ಣ. ಎಷ್ಟು ಹೊತ್ತು? ಯಾವ ವೇಗದಲ್ಲಿ? ಮಂಡಿ ನೋಯುತ್ತಿದ್ದರೆ? ಮಾತ್ರೆಯ ಚೀಟಿಯಲ್ಲಿ ಪ್ರಮಾಣವಿರುತ್ತದೆ. ವ್ಯಾಯಾಮಕ್ಕೆ ಮಾತ್ರ ಪ್ರಮಾಣವಿರುವುದಿಲ್ಲ.

ಇದು ಕೆಲವರ ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ, ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ, ಸುಮಾರು ಶೇ. 30 ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು.

ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದು ತಲುಪಬೇಕಾದ ಊರು. ದಾರಿ ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಮಂಡಿ ಇರುವವರು ಮೊದಲ ದಿನವೇ ಒಂದು ಗಂಟೆ ನಡೆದರೆ ಮೂರನೆಯ ದಿನ ಹಾಸಿಗೆ ಹಿಡಿಯುತ್ತಾರೆ. ಆಮೇಲೆ ಮನೆಯವರೇ ‘ಸೋಮಾರಿ’ ಎನ್ನುತ್ತಾರೆ. ಅರ್ಹ ಭೌತಚಿಕಿತ್ಸಕರಾದರೋ ಕೀಲು, ನಾಡಿ, ಉಸಿರು ನೋಡಿ ಹತ್ತು ನಿಮಿಷದಿಂದ, ಬೇಕಾದರೆ ಕುರ್ಚಿಯ ಮೇಲೆಯೇ, ಆರಂಭಿಸುತ್ತಾರೆ. ‘ತಿಳಿದುದರಿಂದ ತಿಳಿಯದುದರೆಡೆಗೆ’ ಎಂದು ಬಿ.ಎಡ್.ನಲ್ಲಿ ನಮಗೆ ಕಲಿಸಿದ ಸೂತ್ರವೂ ಇದೇ ಅಲ್ಲವೇ?

2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದವು. ತೂಕ ವೇಗವಾಗಿ ಇಳಿದಾಗ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಆದ್ದರಿಂದ ಔಷಧ ಬಂದಿತೆಂದು ವ್ಯಾಯಾಮದ ಮಾರ್ಗದರ್ಶಕರು ಅನಗತ್ಯರಾಗಲಿಲ್ಲ, ಇನ್ನಷ್ಟು ಅಗತ್ಯರಾದರು.

ಆಸ್ಟ್ರೇಲಿಯಾದಲ್ಲಿ ದೀರ್ಘಕಾಲೀನ ಕಾಯಿಲೆಯವರನ್ನು ವೈದ್ಯರು ಮಾನ್ಯತೆ ಪಡೆದ ವ್ಯಾಯಾಮ ತಜ್ಞರ ಬಳಿಗೆ ಕಳುಹಿಸಬಹುದು; ಕೆಲವು ಭೇಟಿಗಳಿಗೆ ಸರ್ಕಾರದ ‘ಮೆಡಿಕೇರ್’ ನೆರವಾಗುತ್ತದೆ. ನಮ್ಮಲ್ಲಿಯೂ 2021ರ ಕಾಯಿದೆಯೊಂದು ಭೌತಚಿಕಿತ್ಸೆಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿ, ಶಿಕ್ಷಣ ಮತ್ತು ನೋಂದಣಿಗೆ ಚೌಕಟ್ಟು ಕೊಟ್ಟಿದೆ. ಆ ಸೇವೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಬೊಜ್ಜಿನ ರೋಗಿಗೂ ಸುಲಭವಾಗಿ ಸಿಗುವಂತಾಗಬೇಕು ಎಂಬುದು ನನ್ನ ಅಭಿಪ್ರಾಯ. ಹಣವುಳ್ಳವರಿಗೆ ಮಾತ್ರ ದೊರೆಯುವ ಮಾರ್ಗದರ್ಶನದಿಂದ ಊರಿಗೆ ಆರೋಗ್ಯ ಬಾರದು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿದ್ದೀರಿ. ‘ತೂಕ ಇಳಿಸಿ’ ಎಂದು ಬರೆಯುವ ಮೊದಲು, ಯಾರ ಬಳಿ ಹೋಗಬೇಕೆಂಬುದನ್ನೂ ಒಂದು ಸಾಲು ಬರೆಯಿರಿ. ಜಿಮ್ಮಿಗೆ ಸೇರುವವರು ಅಲ್ಲಿನ ತರಬೇತುದಾರರ ಓದು, ಅನುಭವಗಳನ್ನು ಸಂಕೋಚವಿಲ್ಲದೆ ಕೇಳಿರಿ. ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮದುವೆಮನೆಯ ಪಂಕ್ತಿಯಲ್ಲಿ ದಪ್ಪಗಿರುವವರ ಎಲೆಯನ್ನು ನೋಡಿ ನಗಬೇಡಿರಿ. ಹಾಸ್ಯದಿಂದ ಯಾರ ತೂಕವೂ ಇಳಿದದ್ದಿಲ್ಲ.