ಬೆಲ್ಟಿನ ಹೊಸ ತೂತು ಮತ್ತು ಕೊಬ್ಬು ಕರಗಿಸುವ ಪ್ರೊಟೀನು

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಕೆಲಸದ ಒತ್ತಡ ಅಂತ ಸುಳ್ಳು ಹೇಳಬಹುದು, ನಿಜವಾದ ಕಾರಣ ಸೋಮಾರಿತನ. ಅದೇ ಸೋಮಾರಿತನದ ಇನ್ನೊಂದು ಫಲ ಊರಿಗೆ ಹೋದಾಗ ಗೊತ್ತಾಯಿತು. ಅಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಆಗಿದೆಯಲ್ಲೋ" ಅಂದಳು.

ಅವಳ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಅಳೆದೆ. 94 ಸೆಂಟಿಮೀಟರ್! ಭಾರತೀಯ ಗಂಡಸರಿಗೆ ವೈದ್ಯರು ಹಾಕಿರುವ ಗೆರೆ 90, ಹೆಂಗಸರಿಗೆ 80. ತಮಾಷೆ ಅಂದರೆ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ನನ್ನ ಬಿಎಂಐ 22.6, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 'ನಾರ್ಮಲ್'. ಅಪ್ಪನಿಗೆ ನಲವತ್ತೊಂದಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಹಾಗಾಗಿ ಪೂರ್ತಿ ನಗುವ ವಿಷಯವೂ ಅಲ್ಲ.

ಗೆಳೆಯನೊಬ್ಬನಿಗೆ ಹೇಳಿಕೊಂಡರೆ ಅವನು ಒಂದು ಜಾಹೀರಾತು ಕಳಿಸಿದ. ರಕ್ತದಲ್ಲಿ 'ಐರಿಸಿನ್' ಅನ್ನೋ ಪ್ರೊಟೀನ್ ಹೆಚ್ಚಿಸಿ ಹೊಟ್ಟೆಯ ಬಿಳಿ ಕೊಬ್ಬನ್ನು ಕಂದು ಮಾಡುವ ಮಾತ್ರೆಯಂತೆ, ತಿಂಗಳಿಗೆ ಮೂರು ಸಾವಿರ. ದುಡ್ಡು ಕಟ್ಟುವ ಪುಟದವರೆಗೂ ಹೋಗಿದ್ದೆ. ಆದರೆ ಬೇರೆಯವರು ಬರೆದ ಕೋಡನ್ನು ಓದದೆ ರನ್ ಮಾಡಬಾರದು ಅನ್ನೋದು ನಮ್ಮ ಕಸುಬು ಕಲಿಸಿದ ಪಾಠವಲ್ಲವೇ? ಓದಲು ಕೂತೆ.

ನಮ್ಮೊಳಗೆ ಎರಡು ಬಗೆಯ ಕೊಬ್ಬು ಇದೆ. ಬಿಳಿಯದು ಕೂಡಿಡುತ್ತದೆ, ಕಂದು ಉರಿಸುತ್ತದೆ. ಕಂದು ಕೊಬ್ಬಿನ ಕೋಶಗಳಲ್ಲಿ ಯುಸಿಪಿ1 ಎಂಬ ಪ್ರೊಟೀನ್ ಇದೆ. ನಿಂತಲ್ಲೇ ಗುರ್ರ್ ಅನ್ನುವ ಸ್ಕೂಟರ್ ನೋಡಿದ್ದೀರಲ್ಲ, ಪೆಟ್ರೋಲು ಖರ್ಚಾಗುತ್ತೆ, ಗಾಡಿ ಕದಲಲ್ಲ, ಇಂಜಿನ್ ಬಿಸಿಯಾಗುತ್ತೆ. ಇದೂ ಹಾಗೇ, ಉರಿದದ್ದೆಲ್ಲ ಶಾಖ. ಇದು ಎಳೆ ಮಕ್ಕಳಲ್ಲಿ ಮಾತ್ರ ಮುಖ್ಯ ಅಂದುಕೊಂಡಿದ್ದರು. 2009ರಲ್ಲಿ ದೊಡ್ಡವರ ಕತ್ತು, ಭುಜದ ಮೂಳೆಯ ಹತ್ತಿರವೂ ಇದು ಕೆಲಸ ಮಾಡುತ್ತೆ ಅಂತ ಸ್ಕ್ಯಾನುಗಳಲ್ಲಿ ಸಾಬೀತಾಯಿತು. ಹಾಗಾದರೆ ಬಿಳಿ ಕೊಬ್ಬನ್ನೂ ಕಂದು ಮಾಡಬಹುದಾ? ಶುರುವಾಯಿತು ನೋಡಿ ಓಟ.

2012ರಲ್ಲಿ ಹಾರ್ವರ್ಡಿನ ಬ್ರೂಸ್ ಸ್ಪೀಗಲ್‌ಮನ್ ತಂಡ ಐರಿಸಿನ್ ಬಗ್ಗೆ ಬರೆಯಿತು. ವ್ಯಾಯಾಮ ಮಾಡಿದಾಗ ಸ್ನಾಯುಗಳು ಇದನ್ನು ರಕ್ತಕ್ಕೆ ಬಿಡುತ್ತವೆ, ಇದು ಹೋಗಿ ಬಿಳಿ ಕೊಬ್ಬಿಗೆ 'ಕಂದಾಗು' ಅನ್ನುತ್ತದೆ ಅಂತ. ಹೆಸರು ಗ್ರೀಕರ ದೂತದೇವತೆ ಐರಿಸ್‌ಳದ್ದು. ಇಲಿಗಳಲ್ಲಿ ಫಲ ಸೊಗಸಾಗಿತ್ತು. ಆದರೆ ಇಲಿಯ ಜೀನು ಎಟಿಜಿ ಎಂಬ ಮಾಮೂಲಿ ಅಕ್ಷರಗಳಿಂದ ಶುರುವಾದರೆ ಮನುಷ್ಯನದ್ದು ಎಟಿಎ ಇಂದ ಶುರುವಾಗುತ್ತೆ. ಹಾಗಿದ್ದಾಗ ಪ್ರೊಟೀನ್ ತಯಾರಾಗುವುದೇ ಕಮ್ಮಿ. ರಕ್ತದಲ್ಲಿ ಐರಿಸಿನ್ ಅಳೆಯಲು ಬಳಸುತ್ತಿದ್ದ ಹಲವು ಕಿಟ್‌ಗಳು ಬೇರೆ ಪ್ರೊಟೀನುಗಳನ್ನೇ ಹಿಡಿಯುತ್ತಿವೆ ಅಂತ 2015ರಲ್ಲಿ ಇನ್ನೊಂದು ತಂಡ ತೋರಿಸಿತು. ಅದೇ ವರ್ಷ ಸ್ಪೀಗಲ್‌ಮನ್ ತಂಡ ಬೇರೆ ವಿಧಾನದಲ್ಲಿ ಅಳೆದು, ಮನುಷ್ಯರಲ್ಲೂ ಐರಿಸಿನ್ ಇದೆ ಅಂದಿತು. ಎಷ್ಟು? ಒಂದು ಮಿಲಿಲೀಟರಿಗೆ ಮೂರ್ನಾಲ್ಕು ನ್ಯಾನೋಗ್ರಾಂ! ಅದು ನಮ್ಮ ಹೊಟ್ಟೆ ಕರಗಿಸುತ್ತೆ ಅನ್ನೋದಕ್ಕೆ ಇದಿಷ್ಟೇ ಸಾಲದು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಲ್ಯಾಬಿನ ಇಲಿಗಳನ್ನು ಸಾಮಾನ್ಯವಾಗಿ 22 ಡಿಗ್ರಿಯಲ್ಲಿ ಸಾಕುತ್ತಾರೆ. ಇಲಿಗೆ ಹಿತವಾದದ್ದು ಸುಮಾರು 30 ಡಿಗ್ರಿ. ಅಂದರೆ ಪಾಪದ ಇಲಿ ದಿನವಿಡೀ ಚಳಿಯಲ್ಲೇ ಇರುತ್ತೆ, ಅದರ ಕೊಬ್ಬು ಕಂದಾಗಲು ಕಾಯ್ದುಕೊಂಡೇ ಇರುತ್ತೆ. ಸ್ವೆಟರ್ ಹಾಕಿ, ಕಿಟಕಿ ಮುಚ್ಚಿ ಕೂರುವ ನಮ್ಮ ಕಥೆಯೇ ಬೇರೆ.

ಇಂಥ ಆಸೆ ಹಿಂದೆಯೂ ಹುಟ್ಟಿತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿದಾಗ ಒಂದು ಔಷಧಿ ಕಂಪನಿ ಅದರ ಹಕ್ಕಿಗೆ ಎರಡು ಕೋಟಿ ಡಾಲರ್ ಸುರಿಯಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಬೆರಳೆಣಿಕೆಯ ಮಕ್ಕಳಿಗೆ ಅದು ಸಂಜೀವಿನಿಯೇ ಆಯಿತು. ಆದರೆ ದಪ್ಪಗಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಧಾರಾಳವಾಗಿರುತ್ತೆ, ಮಿದುಳು ಕೇಳಿಸಿಕೊಳ್ಳೋದಿಲ್ಲ ಅಷ್ಟೆ. ಸರ್ವರ್ ಬಿದ್ದಾಗ ಲಾಗ್ ತುಂಬ ಎರರ್ ಬರುತ್ತೆ. ಎರರ್ ಅಳಿಸಿದರೆ ಸರ್ವರ್ ಎದ್ದು ಕೂರುತ್ತದೆಯೇ? ರಕ್ತದಲ್ಲಿ ಒಂದು ಪ್ರೊಟೀನ್ ಏರಿದೆ ಅಥವಾ ಇಳಿದಿದೆ ಅಂದಮಾತ್ರಕ್ಕೆ ಅದೇ ಬೊಜ್ಜಿಗೆ ಕಾರಣ ಅಂತಲ್ಲ, ಬೊಜ್ಜಿನ ಪರಿಣಾಮವೂ ಇರಬಹುದು.

ವಿಜ್ಞಾನವೇ ವೇಸ್ಟು ಅಂತ ನಾನು ಹೇಳುತ್ತಿಲ್ಲ. ಕರುಳಿನ ಒಂದು ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಸುಮಾರು ಶೇಕಡಾ 15ರಷ್ಟು ತೂಕ ಇಳಿಸಿತು. ಅದು ಮುಖ್ಯವಾಗಿ ಹಸಿವು ತಗ್ಗಿಸುತ್ತೆ, ಅದನ್ನು ಕೊಡಬೇಕಾದವರು ವೈದ್ಯರು. ಮನುಷ್ಯರ ಮೇಲೆ ಪರೀಕ್ಷೆಯಾಗಿ ಗೆದ್ದದ್ದಕ್ಕೆ ನನ್ನ ನಮಸ್ಕಾರ. ಇಲಿಯ ಫಲಿತಾಂಶವನ್ನು ಡಬ್ಬಿಗೆ ತುಂಬಿ ನಮಗೆ ಮಾರುವುದಕ್ಕೆ ನನ್ನ ತಕರಾರು.

ಹಾಗಾದರೆ ನಮ್ಮಂಥವರು ಏನು ನೋಡಬೇಕು? 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಬಂದಿತ್ತು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2! ಓದಿದಾಗ ಯಾಜ್ಞಿಕ್ ನಮ್ಮ ಮನೆಯವರೇ ಅನ್ನಿಸಿಬಿಟ್ಟರು :-) ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ನನ್ನ ರಿಪೋರ್ಟಿನ ಹಸಿರು ಬಣ್ಣ ಇದನ್ನು ನನಗೆ ಹೇಳಲೇ ಇಲ್ಲ. ಸಾವಿರಾರು ರೂಪಾಯಿಯ ಚೆಕಪ್ಪಿನಲ್ಲಿ ಒಂದು ಟೇಪು ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ. ಅದನ್ನು ಸೇರಿಸಿ ಅಂತ ನಮ್ಮ ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಮಾತ್ರೆ ಕೊಳ್ಳಲಿಲ್ಲ. ದಿನಾ ಸಂಜೆ ನಲವತ್ತು ನಿಮಿಷ ನಡೆಯುತ್ತಿದ್ದೇನೆ, ರಾತ್ರಿಯ ಎರಡನೇ ಸಲದ ಅನ್ನ ಬಿಟ್ಟಿದ್ದೇನೆ. ಐರಿಸಿನ್ ಬರುತ್ತೋ ಬಿಡುತ್ತೋ, ಎರಡು ತಿಂಗಳಿಗೆ ಟೇಪು 92 ಅನ್ನುತ್ತಿದೆ. ಫೋನಿನಲ್ಲಿ ಹೇಳಿದ್ದಕ್ಕೆ ಅಪ್ಪ, "ನನಗೆ ಆವಾಗ ಯಾರೂ ಅಳೆದು ಹೇಳಲಿಲ್ಲ ಕಣೋ" ಅಂದರು. ಆ ಮಾತಿಗಾಗಿಯೇ ಇಷ್ಟುದ್ದ ಬರೆದೆ.

ನೀವೂ ಗಂಟೆಗಟ್ಟಲೆ ಕೂತು ಕೀಬೋರ್ಡ್ ಕುಟ್ಟುವವರೇ ತಾನೆ? ಇವತ್ತು ರಾತ್ರಿ ಒಂದು ಟೇಪು ಹುಡುಕಿ. ಎಷ್ಟು ಬಂತು ಅಂತ ಕಮೆಂಟಿಸಿ. ನಾಚಿಕೆ ಆದರೆ ಬೇಡ ಬಿಡಿ, ಅಳೆದರೆ ಸಾಕು.